ವೈದ್ಯಶಾಲೆಯ ದಫ್ತರವೂ ಗಣಕಯಂತ್ರದ ಶಿಕ್ಷಣವೂ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆದಿರುವವರು ಔಷಧಗಳ ಶೋಧನೆಯನ್ನೂ ಶಸ್ತ್ರಚಿಕಿತ್ಸೆಯ ಏಳಿಗೆಯನ್ನೂ ಸಾಂಕ್ರಾಮಿಕ ರೋಗಗಳ ನಿವಾರಣೆಯನ್ನೂ ವಿಸ್ತಾರವಾಗಿ ವರ್ಣಿಸಿರುವರು. ರೋಗಿಯು ವೈದ್ಯರ ಮುಂದೆ ಕುಳಿತುಕೊಳ್ಳುವುದಕ್ಕೆ ಮುಂಚೆ ಆತನ ಹೆಸರನ್ನೂ ಊರನ್ನೂ ಬರೆದುಕೊಂಡು, ಹಿಂದಿನ ಕಾಗದಗಳನ್ನು ಹುಡುಕಿ ತೆಗೆದು, ಚಿಕಿತ್ಸೆಯ ತರುವಾಯ ಅದರ ವೃತ್ತಾಂತವನ್ನು ಪ್ರತಿಮಾಡಿ, ಹಣದ ಲೆಕ್ಕವನ್ನು ಒಪ್ಪಿಸುವ ಗುಮಾಸ್ತರ ವಿಷಯವಾಗಿ ಆ ಗ್ರಂಥಗಳಲ್ಲಿ ಮಾತು ಕಡಿಮೆ. ಆದರೂ ಈ ದಫ್ತರದ ಕೆಲಸವು ಕೆಟ್ಟರೆ ಚಿಕಿತ್ಸೆಯೇ ಕೆಡುವುದೆಂಬುದು ಅನುಭವಸಿದ್ಧವಾದ ಮಾತು. ಈ ಕೆಲಸಕ್ಕೆ ಬೇಕಾದ ವಿದ್ಯೆ ಯಾವುದು, ಅದನ್ನು ಎಂದಿನಿಂದ ಕಲಿಸುತ್ತ ಬಂದರು, ಗಣಕಯಂತ್ರವು ಬಂದಮೇಲೆ ಅದರಲ್ಲಿ ಮಾರ್ಪಟ್ಟುದೇನು, ಉಳಿದುದೇನು ಎಂಬ ಪ್ರಶ್ನೆಗಳು ವಿಚಾರಾರ್ಹವಾಗಿವೆ.

ಈ ವೃತ್ತಿಯ ಕಟ್ಟುಪಾಡುಗಳೂ ಪಾಠಕ್ರಮಗಳೂ ಹಂತಹಂತವಾಗಿ ಏರ್ಪಟ್ಟ ಬಗೆಯು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಪರ್ಯಾಲೋಚಿಸಿದರೆ ಒಂದು ಸಂಗತಿ ಎದ್ದು ತೋರುವುದು. ಯಂತ್ರಗಳು ಗುಮಾಸ್ತರ ಕೈಕೆಲಸವನ್ನು ಒಂದೊಂದಾಗಿ ವಹಿಸಿಕೊಂಡುವು. ವಿವೇಚನೆಯ ಭಾರವು ಮಾತ್ರ ಪ್ರತಿಸಲವೂ ಅವರ ಪಾಲಿಗೆ ಹೆಚ್ಚುತ್ತಲೇ ಬಂದಿತು.

೧. ಯಂತ್ರಕ್ಕೆ ಪೂರ್ವದ ದಫ್ತರ

ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೊಂದು ಆಸ್ಪತ್ರೆಯ ಲೆಕ್ಕವೂ ಒಂದೊಂದು ರೀತಿಯಾಗಿದ್ದಿತು. ರೋಗಗಳನ್ನು ವರ್ಗೀಕರಿಸುವ ಕ್ರಮವು ಎಲ್ಲೆಡೆಯೂ ಒಂದೇ ಆಗಿರಲಿಲ್ಲವಾದ್ದರಿಂದ ಒಂದು ಆಸ್ಪತ್ರೆಯ ಅಂಕಿಗಳನ್ನು ಮತ್ತೊಂದರ ಅಂಕಿಗಳೊಡನೆ ಹೋಲಿಸುವುದು ಅಸಾಧ್ಯವಾಗಿದ್ದಿತು. ಫ್ಲಾರೆನ್ಸ್ ನೈಟಿಂಗೇಲ್ ಅವರು ೧೮೬೦ರಲ್ಲಿ ಲಂಡನ್ನಿನಲ್ಲಿ ನೆರೆದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಎಲ್ಲ ಆಸ್ಪತ್ರೆಗಳಿಗೂ ಏಕರೀತಿಯ ನಮೂನೆಗಳಿರಬೇಕೆಂಬ ಯೋಜನೆಯನ್ನಿಟ್ಟರು. ೧೮೬೩ರಲ್ಲಿ ಹೊರಬಂದ 'ನೋಟ್ಸ್ ಆನ್ ಹಾಸ್ಪಿಟಲ್ಸ್' ಎಂಬ ಗ್ರಂಥದ ಮೂರನೆಯ ಮುದ್ರಣದಲ್ಲಿಯೂ ಅದನ್ನು ಪ್ರತಿಪಾದಿಸಿದರು. ದಫ್ತರದ ಶಿಸ್ತು ರೋಗಿಗಳ ಪ್ರಾಣಕ್ಕೆ ಸಂಬಂಧಪಟ್ಟುದೆಂಬ ಭಾವನೆಯು ಇಲ್ಲಿ ಸ್ಪಷ್ಟವಾಗಿ ವ್ಯಕ್ತವಾಗಿದೆ.

ಮಿನೆಸೋಟ ಸಂಸ್ಥಾನದ ರಾಚೆಸ್ಟರ್ ಪಟ್ಟಣದಲ್ಲಿ ಮೇಯೋ ಸೋದರರ ಚಿಕಿತ್ಸಾಲಯವಿದ್ದಿತು. ಅಲ್ಲಿ ಒಬ್ಬೊಬ್ಬ ವೈದ್ಯರೂ ತಮ್ಮ ತಮ್ಮ ಪುಸ್ತಕಗಳಲ್ಲಿ ರೋಗಿಗಳ ವಿಷಯವನ್ನು ಬರೆದುಕೊಳ್ಳುತ್ತಿದ್ದರು. ಒಬ್ಬ ರೋಗಿಯನ್ನು ಮೂವರು ವೈದ್ಯರು ನೋಡಿದರೆ ಆತನ ವೃತ್ತಾಂತವು ಮೂರು ಪುಸ್ತಕಗಳಲ್ಲಿ ಚದರಿಹೋಗುತ್ತಿದ್ದಿತು. ೧೯೦೭ರಲ್ಲಿ ಹೆನ್ರಿ ಪ್ಲಮ್ಮರ್ ಎಂಬ ವೈದ್ಯರು ಮೇಬಲ್ ರೂಟ್ ಎಂಬವರ ನೆರವಿನಿಂದ ಹೊಸ ಏರ್ಪಾಡೊಂದನ್ನು ಜಾರಿಗೆ ತಂದರು. ರೋಗಿಗೆ ಒಂದು ಸಂಖ್ಯೆ. ಆ ಸಂಖ್ಯೆಗೆ ಒಂದು ಲಕೋಟೆ. ಎಷ್ಟು ಸಲ ಬಂದರೂ, ಯಾವ ವೈದ್ಯರು ನೋಡಿದರೂ, ಎಲ್ಲ ಕಾಗದಗಳೂ ಅದೇ ಲಕೋಟೆಯಲ್ಲಿ. ಇಷ್ಟು ಸರಳವಾಗಿ ತೋರುವ ಈ ಏರ್ಪಾಡು ಗುಮಾಸ್ತರ ವಿದ್ಯೆಯನ್ನು ಬದಲಾಯಿಸಿತು. ಅದುವರೆಗೆ ಅಂದವಾದ ಬರಹವೇ ಮುಖ್ಯವಾಗಿದ್ದಿತು. ಇನ್ನುಮುಂದೆ ಈಗ ಬಂದಿರುವವನು ಹಿಂದೆ ಬಂದಿದ್ದವನೇ ಅಲ್ಲವೇ ಎಂಬುದನ್ನು ತಪ್ಪಿಲ್ಲದೆ ನಿರ್ಣಯಿಸುವುದು ಮುಖ್ಯವಾಯಿತು. ಒಬ್ಬನಿಗೆ ಎರಡು ಸಂಖ್ಯೆ ಬಿದ್ದರೆ ಅರ್ಧ ವೃತ್ತಾಂತವು ವೈದ್ಯರ ಕಣ್ಣಿಗೆ ಮರೆಯಾಗುವುದು. ಇಬ್ಬರಿಗೆ ಒಂದೇ ಸಂಖ್ಯೆ ಬಿದ್ದರೆ ಒಬ್ಬನ ರೋಗವು ಮತ್ತೊಬ್ಬನ ತಲೆಗೆ ಬರುವುದು.

ಈ ವಿದ್ಯೆಗೆ ಮಾನ್ಯತೆಯು ತಡವಾಗಿ ದೊರೆಯಿತು. ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ೧೮೯೭ರಿಂದ ಗ್ರೇಸ್ ವೈಟಿಂಗ್ ಮೈಯರ್ಸ್ ಅವರು ರೋಗಿವೃತ್ತಾಂತಗಳ ಭಂಡಾರವನ್ನು ನೋಡಿಕೊಂಡರು. ಅಮೆರಿಕದ ಶಸ್ತ್ರವೈದ್ಯರ ಕಾಲೇಜು ೧೯೧೮ರಲ್ಲಿ ನೂರಕ್ಕೂ ಮಿಕ್ಕ ಹಾಸಿಗೆಗಳುಳ್ಳ ೬೯೨ ಆಸ್ಪತ್ರೆಗಳನ್ನು ಪರೀಕ್ಷಿಸಿದಾಗ ೮೯ ಮಾತ್ರ ನಿಯಮಗಳಿಗೆ ಒಪ್ಪುವಂತಿದ್ದುವು. ಮರುವರ್ಷ ಹೊರಟ ಕನಿಷ್ಠ ನಿಯಮಾವಳಿಯಲ್ಲಿ, ಪ್ರತಿಯೊಬ್ಬ ರೋಗಿಯ ಪೂರ್ಣ ವೃತ್ತಾಂತವನ್ನೂ ಬೇಕಾದಾಗ ಸಿಕ್ಕುವಂತೆ ಜೋಡಿಸಿಡಬೇಕೆಂಬುದೂ ಒಂದು ವಿಧಿಯಾಯಿತು. ೧೯೨೮ರಲ್ಲಿ ದಫ್ತರಪಾಲಕರ ಸಂಘವು ಸ್ಥಾಪಿತವಾಗಿ ಮೈಯರ್ಸ್ ಅವರೇ ಅದರ ಪ್ರಥಮಾಧ್ಯಕ್ಷರಾದರು. ೧೯೩೫ರಲ್ಲಿ ಡುಲೂತ್ ನಗರದ ಸೇಂಟ್ ಸ್ಕಾಲಸ್ಟಿಕಾ ಕಾಲೇಜಿನಲ್ಲಿ ಈ ವಿಷಯಕ್ಕೆ ಪದವಿಯ ಪಾಠಕ್ರಮವೂ ಏರ್ಪಟ್ಟಿತು. ವೃತ್ತಿಯನ್ನು ಕಟ್ಟಿದವರಲ್ಲಿ ಹೆಚ್ಚಿನವರು ಸ್ತ್ರೀಯರೆಂಬುದು ಗಮನಿಸತಕ್ಕ ಅಂಶ.

೨. ರಂಧ್ರಪತ್ರದ ಕಾಲ

ಎಣಿಕೆಯ ಯಂತ್ರವು ಆರೋಗ್ಯದ ದಫ್ತರಕ್ಕೆ ಬಂದುದು ಜನರು ಸಾಮಾನ್ಯವಾಗಿ ಭಾವಿಸುವುದಕ್ಕಿಂತ ಬಹು ಮುಂಚೆ. ಹರ್ಮನ್ ಹಾಲರಿತ್ ಅವರು ರಟ್ಟಿನ ಕಾರ್ಡುಗಳಲ್ಲಿ ರಂಧ್ರಗಳನ್ನು ಕೊರೆದು ವಿದ್ಯುಚ್ಛಕ್ತಿಯಿಂದ ಎಣಿಸುವ ಯಂತ್ರವನ್ನು ೧೮೯೦ರ ಜನಗಣತಿಗೆ ಒದಗಿಸಿದರು. ಅದಕ್ಕೂ ಮೊದಲೇ ಬಾಲ್ಟಿಮೋರ್ ನಗರದ ಮರಣಸಂಖ್ಯೆಗಳ ಲೆಕ್ಕದಲ್ಲಿ ಅದನ್ನು ಪರೀಕ್ಷಿಸಿ ನೋಡಿದ್ದರು. ಇಂತಹ ಯಂತ್ರದ ಸೂಚನೆಯನ್ನು ಅವರಿಗಿತ್ತವರು ಜಾನ್ ಷಾ ಬಿಲ್ಲಿಂಗ್ಸ್ ಎಂಬ ವೈದ್ಯರೆಂದು ಪ್ರಸಿದ್ಧಿಯಿದೆ.

ರಂಧ್ರಪತ್ರದ ಕೆಲಸವನ್ನು ಕಲಿಯುವುದೆಂದರೆ ಕೀಲಿಮಣೆಯನ್ನು ವೇಗವಾಗಿ ಒತ್ತುವುದು ಮಾತ್ರವಾಗಿರಲಿಲ್ಲ. ಒಬ್ಬರು ಕೊರೆದ ಕಾರ್ಡನ್ನು ತಾಳೆಯಂತ್ರದಲ್ಲಿಟ್ಟು ಮತ್ತೊಬ್ಬರು ಅದೇ ಅಂಕಿಗಳನ್ನು ಪುನಃ ಒತ್ತುವ ಪದ್ಧತಿಯಿದ್ದಿತು. ಎರಡಕ್ಕೂ ಭೇದವಿದ್ದರೆ ಯಂತ್ರವು ಸೂಚಿಸುತ್ತಿದ್ದಿತು. ಕೈತಪ್ಪನ್ನು ಹಿಡಿಯುವುದಕ್ಕೆ ಇದು ಸಾಕಾಗಿದ್ದಿತು. ರೋಗಕ್ಕೆ ತಪ್ಪು ಸಂಕೇತವನ್ನೇ ಮೂಲಪತ್ರದಲ್ಲಿ ಬರೆದಿದ್ದರೆ ಮಾತ್ರ ಇಬ್ಬರೂ ಅದನ್ನೇ ಒತ್ತುವರು, ಯಂತ್ರವೂ ಒಪ್ಪುವುದು. ಯಂತ್ರವು ಹಿಡಿಯಬಲ್ಲ ತಪ್ಪು ಬೇರೆ, ಮನುಷ್ಯನೇ ಹಿಡಿಯಬೇಕಾದ ತಪ್ಪು ಬೇರೆ ಎಂಬ ವಿಭಾಗವು ಈ ಕಾಲದಲ್ಲಿಯೇ ಸ್ಪಷ್ಟವಾಯಿತು.

ಇಷ್ಟರಲ್ಲಿ ಸಣ್ಣ ಸಣ್ಣ ಚಿಕಿತ್ಸಾಲಯಗಳ ಕೆಲಸಗಾರರೂ ಸಂಘಟಿತರಾದರು. ೧೯೫೬ರಲ್ಲಿ ವೈದ್ಯಸಹಾಯಕರ ರಾಷ್ಟ್ರೀಯ ಸಂಘವು ಹುಟ್ಟಿತು. ೧೯೬೫ರಲ್ಲಿ ವೃದ್ಧರಿಗಾಗಿ ಮೆಡಿಕೇರ್ ಎಂಬ ಸರ್ಕಾರದ ವಿಮಾಯೋಜನೆಯು ಶಾಸನವಾಗಿ ಮರುವರ್ಷ ಜಾರಿಗೆ ಬಂದಿತು. ರೋಗಿಯಿಂದ ಹಣ ಪಡೆದು ರಸೀತಿ ಕೊಡುತ್ತಿದ್ದ ದಫ್ತರವು ಇನ್ನು ಸರ್ಕಾರಕ್ಕೆ ನಮೂನೆಗಳನ್ನು ತುಂಬಿ ಕಳುಹಿಸಬೇಕಾಯಿತು.

೩. ಗಣಕಯಂತ್ರದ ಪ್ರವೇಶ

ಮೈಯರ್ಸ್ ಅವರು ದುಡಿದ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿಯೇ ಆಕ್ಟೋ ಬಾರ್ನೆಟ್ ಅವರ ಪ್ರಯೋಗಶಾಲೆಯು ೧೯೬೬–೬೭ರಲ್ಲಿ 'ಮಂಪ್ಸ್' ಎಂಬ ಗಣಕಭಾಷೆಯನ್ನು ರಚಿಸಿತು. ಅಂಕಿಗಳನ್ನು ಮಾತ್ರವಲ್ಲದೆ ಮಾತುಗಳನ್ನೂ ಶೇಖರಿಸಿ ಹುಡುಕುವುದಕ್ಕೆ ಅದು ಒಪ್ಪುವಂತಿದ್ದಿತು. ೧೯೭೧ರಲ್ಲಿ ಕ್ಯಾಲಿಫೋರ್ನಿಯದ ಎಲ್ ಕಮೀನೋ ಆಸ್ಪತ್ರೆಯಲ್ಲಿ, ಗಾಜಿನ ಪರದೆಯ ಮೇಲೆ ತೋರುವ ಪಟ್ಟಿಯನ್ನು ಬೆಳಕಿನ ಲೇಖನಿಯಿಂದ ಮುಟ್ಟಿ ಆಯುವ ವ್ಯವಸ್ಥೆಯನ್ನು ಆರಂಭಿಸಿದರು. ೧೯೮೧ರಲ್ಲಿ ಐಬಿಎಂ ಸಂಸ್ಥೆಯು ಮೇಜಿನ ಮೇಲಿಡುವ ಗಣಕಯಂತ್ರವನ್ನು ಮಾರಾಟಕ್ಕೆ ತಂದಮೇಲೆ ಸಾಮಾನ್ಯ ವೈದ್ಯರ ದಫ್ತರಗಳಲ್ಲಿಯೂ ಯಂತ್ರವು ಕ್ರಮೇಣ ನೆಲೆಸಿತು.

ಇದಾದ ಎರಡು ವರ್ಷಗಳಿಗೆ, ೧೯೮೩ರಲ್ಲಿ, ಮೆಡಿಕೇರ್ ಯೋಜನೆಯು ಆಸ್ಪತ್ರೆಗಳಿಗೆ ಹಣ ಕೊಡುವ ರೀತಿಯನ್ನು ಬದಲಾಯಿಸಿತು. ಆದ ವೆಚ್ಚವನ್ನು ತುಂಬಿಕೊಡುವುದಕ್ಕೆ ಬದಲಾಗಿ ರೋಗದ ವರ್ಗಕ್ಕೆ ತಕ್ಕ ನಿಗದಿಯಾದ ಮೊತ್ತವನ್ನು ಕೊಡಲಾರಂಭಿಸಿತು. ರೋಗವು ಯಾವ ವರ್ಗಕ್ಕೆ ಸೇರಿದುದೆಂದು ಸಂಕೇತ ಹಾಕುವ ಗುಮಾಸ್ತರ ಒಂದು ನಿರ್ಣಯದ ಮೇಲೆ ಆಸ್ಪತ್ರೆಯ ಆದಾಯವು ನಿಂತಿತು. ೨೦೧೫ರ ಅಕ್ಟೋಬರ್ ೧ರಂದು ಆ ದೇಶವು ರೋಗವರ್ಗೀಕರಣದ ಹತ್ತನೆಯ ಪರಿಷ್ಕರಣವನ್ನು ಅಂಗೀಕರಿಸಿದಾಗ ಸುಮಾರು ೧೪,೦೦೦ವಿದ್ದ ರೋಗಸಂಕೇತಗಳು ೬೮,೦೦೦ವನ್ನು ಮುಟ್ಟಿದುವು. ಎಡಗೈ ಬಲಗೈಗಳಿಗೂ ಬೇರೆ ಬೇರೆ ಸಂಕೇತಗಳಾದುವು. ಸಂಕೇತವನ್ನು ಹುಡುಕಿಕೊಡುವುದು ಗಣಕಯಂತ್ರಕ್ಕೆ ಕ್ಷಣದ ಕೆಲಸ. ವೈದ್ಯರು ಬರೆದ ವಾಕ್ಯಕ್ಕೆ ಆ ಸಂಕೇತವು ಒಪ್ಪುವುದೇ ಎಂದು ತಿಳಿಯುವುದಕ್ಕೆ ಶರೀರಶಾಸ್ತ್ರದ ಪರಿಚಯವು ಬೇಕು.

ಗೋಪ್ಯದ ವಿಷಯವೂ ಹೀಗೆಯೇ. ಕಾಗದದ ಲಕೋಟೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬಹುದಾಗಿದ್ದಿತು. ಗಣಕಯಂತ್ರದ ವೃತ್ತಾಂತವನ್ನಾದರೋ ಏಕಕಾಲದಲ್ಲಿ ಅನೇಕರು ಅನೇಕ ಸ್ಥಳಗಳಿಂದ ಓದಬಹುದು. ೧೯೯೬ರ ಹಿಪಾ ಎಂಬ ಶಾಸನವನ್ನೂ ೨೦೦೩ರಲ್ಲಿ ಜಾರಿಗೆ ಬಂದ ಅದರ ಗೋಪ್ಯನಿಯಮಗಳನ್ನೂ ಅನುಸರಿಸಿ, ಯಾರಿಗೆ ಎಷ್ಟು ತೋರಿಸಬಹುದು ಎಂಬುದು ದಫ್ತರದವರ ಶಿಕ್ಷಣದ ಅಂಗವಾಯಿತು.

೨೦೦೯ರಲ್ಲಿ ಅಮೆರಿಕದ ಸರ್ಕಾರವು ಗಣಕೀಕೃತ ವೃತ್ತಾಂತಗಳನ್ನು ಬಳಸುವ ವೈದ್ಯರಿಗೆ ಸಹಾಯಧನ ಕೊಡುವ ಶಾಸನವನ್ನು ಮಾಡಿ, ಕೆಲಸಗಾರರ ಶಿಕ್ಷಣಕ್ಕೂ ಹಣ ಒದಗಿಸಿತು. ಅದರ ಫಲವಾಗಿ ೨೦೧೦ರಿಂದ ೮೨ ಸಮುದಾಯ ಕಾಲೇಜುಗಳಲ್ಲಿ ಆರು ತಿಂಗಳ ಪಾಠಕ್ರಮಗಳು ನಡೆದುವು. ಅಲ್ಲಿ ಯಂತ್ರವನ್ನು ನಡೆಸುವವರನ್ನು ಮಾತ್ರವಲ್ಲದೆ, ದಫ್ತರದಲ್ಲಿ ಕೆಲಸವು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಸಾಗುವ ಮಾರ್ಗವನ್ನು ಪರಿಶೀಲಿಸಿ ತಿದ್ದುವವರನ್ನೂ ಇತರರಿಗೆ ಕಲಿಸುವವರನ್ನೂ ತಯಾರುಮಾಡುವ ಉದ್ದೇಶವಿದ್ದಿತು. ಯಂತ್ರವನ್ನು ಕೊಂಡಮಾತ್ರಕ್ಕೆ ದಫ್ತರವು ಸುಧಾರಿಸದೆಂಬ ಅರಿವು ಈ ಏರ್ಪಾಡಿನಲ್ಲಿ ಅಡಗಿದೆ.

೪. ಕನ್ನಡ ನಾಡಿನ ಸಂಬಂಧ

ಅಮೆರಿಕದ ಈ ಚರಿತ್ರೆಗೂ ಕನ್ನಡ ನಾಡಿಗೂ ನೇರವಾದ ಸಂಬಂಧವೊಂದುಂಟು. ೧೯೯೦ರ ದಶಕದಲ್ಲಿ ಬೆಂಗಳೂರಿನಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂಬ ಉದ್ಯೋಗವು ತಲೆಯೆತ್ತಿತು. ಅಮೆರಿಕದ ವೈದ್ಯರು ಹಗಲಿನಲ್ಲಿ ಹೇಳಿಟ್ಟ ಮಾತುಗಳು ದೂರವಾಣಿ ಮತ್ತು ಉಪಗ್ರಹಗಳ ಮೂಲಕ ಇಲ್ಲಿಗೆ ಬರುತ್ತಿದ್ದುವು. ಅಲ್ಲಿ ರಾತ್ರಿಯಾಗಿರುವಾಗ ಇಲ್ಲಿಯ ತರುಣರು ಅವನ್ನು ಕೇಳಿ ಬೆರಳಚ್ಚು ಮಾಡಿ ಹಿಂದಕ್ಕೆ ಕಳುಹಿಸುತ್ತಿದ್ದರು. ಈ ಕೆಲಸಕ್ಕೆ ಬೆರಳಿನ ವೇಗಕ್ಕಿಂತ ಕಿವಿಯ ವಿವೇಕವೇ ಹೆಚ್ಚಾಗಿ ಬೇಕಾಗಿದ್ದಿತು. 'ಇಲಿಯಮ್' ಎಂದು ಉಚ್ಚರಿಸುವ ಶಬ್ದಗಳು ಎರಡುಂಟು: ಒಂದು ಸಣ್ಣ ಕರುಳಿನ ಕೊನೆಯ ಭಾಗ, ಮತ್ತೊಂದು ಸೊಂಟದ ಎಲುಬು. ಇಂಗ್ಲಿಷ್ ಬರವಣಿಗೆಯಲ್ಲಿ ಒಂದು ಅಕ್ಷರದ ಭೇದ. ಕಿವಿಗೆ ಭೇದವೇ ಇಲ್ಲ. 'ಹೈಪರ್' ಎಂದರೆ ಅಧಿಕ, 'ಹೈಪೊ' ಎಂದರೆ ನ್ಯೂನ. ಅವಸರದ ಮಾತಿನಲ್ಲಿ ಎರಡೂ ಒಂದರಂತೆ ಕೇಳುವುವು. ಪ್ರಸಂಗವನ್ನರಿತು ಶಬ್ದವನ್ನು ನಿಶ್ಚಯಿಸುವ ಈ ಕೆಲಸವು ಹಸ್ತಪ್ರತಿಗಳ ಪಾಠವನ್ನು ನಿರ್ಣಯಿಸುವ ಪಂಡಿತರ ಕೆಲಸಕ್ಕೆ ದೂರದ್ದಲ್ಲ. ಮಾತನ್ನು ತಾನೇ ಅಕ್ಷರಕ್ಕಿಳಿಸುವ ಯಂತ್ರಗಳು ಬಂದಮೇಲೆ ಬೆರಳಚ್ಚಿನ ಭಾಗವು ಕುಗ್ಗಿತು, ಯಂತ್ರವು ಬರೆದುದನ್ನು ಓದಿ ತಿದ್ದುವ ಭಾಗವು ಉಳಿಯಿತು.

ಭಾರತ ಸರ್ಕಾರವು ಗಣಕೀಕೃತ ಆರೋಗ್ಯವೃತ್ತಾಂತಗಳ ನಿಯಮಾವಳಿಯನ್ನು ೨೦೧೩ರಲ್ಲಿ ಪ್ರಕಟಿಸಿ ೨೦೧೬ರಲ್ಲಿ ಪರಿಷ್ಕರಿಸಿತು. ೨೦೨೧ರ ಸೆಪ್ಟೆಂಬರ್ ೨೭ರಂದು ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ ಡಿಜಿಟಲ್ ಯೋಜನೆಯಲ್ಲಿ, ಬಯಸಿದವರಿಗೆ ಹದಿನಾಲ್ಕು ಅಂಕಿಗಳ ಆರೋಗ್ಯಸಂಖ್ಯೆಯನ್ನು ಕೊಡುವ ಏರ್ಪಾಡಿದೆ. ೧೯೦೭ರಲ್ಲಿ ಒಂದು ಚಿಕಿತ್ಸಾಲಯದೊಳಗೆ ಪ್ಲಮ್ಮರ್ ಅವರು ನಡೆಸಿದ ಕಾರ್ಯವೇ ಇಲ್ಲಿ ಒಂದು ದೇಶದ ವಿಸ್ತಾರಕ್ಕೆ ಬೆಳೆದಿದೆ. ಹಳೆಯ ತೊಡಕೂ ಅದರೊಡನೆ ಬಂದಿದೆ. ಲಕ್ಷ್ಮಮ್ಮನೆಂಬ ಹೆಂಗಸು ಆಸ್ಪತ್ರೆಗೆ ಬಂದರೆ ಆಕೆಯ ಹೆಸರಿನ 'ಕ್ಷ'ಕಾರವನ್ನು ಇಂಗ್ಲಿಷಿನಲ್ಲಿ ಎರಡು ಮೂರು ವಿಧವಾಗಿ ಬರೆಯುವುದುಂಟು. ಹೆಸರಿನ ಹಿಂದೆ ಊರಿನ ಅಕ್ಷರವೋ ತಂದೆಯ ಅಕ್ಷರವೋ ಗಂಡನ ಹೆಸರೋ ಎಂಬುದರಲ್ಲಿಯೂ ಒಂದು ನಿಯಮವಿಲ್ಲ. ಕನ್ನಡದಲ್ಲಿ ಒಬ್ಬಳೇ ಆದವಳು ಯಂತ್ರದಲ್ಲಿ ಮೂವರಾಗಬಹುದು. ಮೊದಲನೆಯ ಲಕ್ಷ್ಮಮ್ಮನಿಗೆ ಯಾವುದೋ ಔಷಧವು ಒಗ್ಗದೆಂದು ಬರೆದಿಟ್ಟಿದ್ದರೆ, ಮೂರನೆಯ ಲಕ್ಷ್ಮಮ್ಮನ ವೃತ್ತಾಂತವನ್ನು ತೆರೆದ ವೈದ್ಯರಿಗೆ ಅದು ಕಾಣುವುದೇ ಇಲ್ಲ. ಹೆಸರನ್ನು ಕೇಳಿದೊಡನೆ ಹಿಂದೆ ಬಂದಿದ್ದಿರಾ, ಯಾವ ಊರು, ವಯಸ್ಸೆಷ್ಟು ಎಂದು ತಾಳ್ಮೆಯಿಂದ ವಿಚಾರಿಸುವ ಗುಮಾಸ್ತರೇ ಈ ಅಪಾಯವನ್ನು ತಡೆಯತಕ್ಕವರು.

೫. ಶಿಕ್ಷಣದ ಸ್ವರೂಪ

ಈ ಚರಿತ್ರೆಯಿಂದ ಶಿಕ್ಷಣದ ವಿಷಯದಲ್ಲಿ ತಿಳಿದುಬರುವುದೇನೆಂದರೆ, ಒಂದು ಯಂತ್ರದ ಗುಂಡಿಗಳನ್ನು ಮಾತ್ರ ಕಲಿಸುವ ಪಾಠವು ಆ ಯಂತ್ರದೊಡನೆಯೇ ಮುಪ್ಪಾಗುವುದು. ರಂಧ್ರಪತ್ರವನ್ನು ಕೊರೆಯುವ ಕೌಶಲವು ಬಳಕೆ ತಪ್ಪಿತು. ಬೆಳಕಿನ ಲೇಖನಿಯೂ ಹೋಯಿತು. ಇಂದಿನ ಕೀಲಿಮಣೆಯ ಗತಿಯೂ ಮುಂದೆ ಅದೇ ಆಗಬಹುದು. ಈ ವೃತ್ತಾಂತವು ಯಾರದು, ಇದಕ್ಕೆ ತಕ್ಕ ಶಬ್ದವಾವುದು, ಇದನ್ನು ನೋಡಲು ಯಾರಿಗೆ ಅಧಿಕಾರವುಂಟು ಎಂಬ ಮೂರು ಪ್ರಶ್ನೆಗಳು ಮೇಯೋ ಚಿಕಿತ್ಸಾಲಯದ ಲಕೋಟೆಗೂ ಇಂದಿನ ಗಣಕಯಂತ್ರಕ್ಕೂ ಸಮಾನವಾಗಿವೆ. ಅವುಗಳಿಗೆ ಉತ್ತರ ಹೇಳಬಲ್ಲವರಿಗೆ ಯಾವ ಯಂತ್ರವಾದರೂ ಕೆಲವು ವಾರಗಳ ಅಭ್ಯಾಸದಿಂದ ವಶವಾಗುವುದು.

ಕನ್ನಡದಲ್ಲಿ ಗಣಕಯಂತ್ರದ ದಾಖಲೆಗೆ 'ಕಡತ' ಎಂಬ ಹಳೆಯ ಶಬ್ದವನ್ನೇ ಬಳಸುತ್ತಿರುವರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು ಮಡಿಸಿದ ಪುಸ್ತಕಕ್ಕೆ ಆ ಹೆಸರಿದ್ದಿತು. ಅದರಲ್ಲಿ ಬಳಪದಿಂದ ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿದ್ದಿತು. ರೋಗಿಯ ವೃತ್ತಾಂತದಲ್ಲಿ ಹಾಗೆ ಒರಸುವುದು ನಿಷಿದ್ಧ. ಕಾಗದದ ಕಾಲದಲ್ಲಿ ತಪ್ಪಿದ ಮಾತಿನ ಮೇಲೆ ಒಂದೇ ಗೆರೆಯೆಳೆದು, ಅದು ಓದುವಂತೆಯೇ ಉಳಿದಿರಲು ಬಿಟ್ಟು, ತಿದ್ದಿದವರು ದಿನಾಂಕವನ್ನು ಹಾಕಿ ರುಜು ಮಾಡಬೇಕಾಗಿದ್ದಿತು. ಚೆನ್ನಾಗಿ ರಚಿತವಾದ ಗಣಕವ್ಯವಸ್ಥೆಯಲ್ಲಿ ಯಾರು, ಯಾವಾಗ, ಏನನ್ನು ತೆರೆದರು, ಏನನ್ನು ತಿದ್ದಿದರು ಎಂಬುದು ತಾನಾಗಿ ದಾಖಲಾಗುವುದು. ಆ ದಾಖಲೆಯು ತಪ್ಪು ನಡೆದಮೇಲೆ ಸಾಕ್ಷಿಯಾಗಬಲ್ಲುದು. ತಪ್ಪು ನಡೆಯದಂತೆ ನೋಡಿಕೊಳ್ಳುವುದು ಮೊದಲ ಮೇಜಿನಲ್ಲಿ ಕುಳಿತವರ ವಿದ್ಯೆಗೂ ಎಚ್ಚರಕ್ಕೂ ಸೇರಿದ ಕಾರ್ಯವಾಗಿದೆ.