ಸಂಘದ ಜಾಲತಾಣಕ್ಕೆ ಜಾಹೀರಾತು ನಿರ್ವಹಣೆ: ರಿವೈವ್ ಆಡ್‌ಸರ್ವರ್ ಅಳವಡಿಸುವ ಬಗೆ

ಒಮ್ಮೆ ನಮ್ಮ ಪುಟದಲ್ಲಿ ಬಟ್ಟೆ ಅಂಗಡಿಯೊಂದರ ದೀಪಾವಳಿ ರಿಯಾಯಿತಿಯ ಜಾಹೀರಾತು ಸಂಕ್ರಾಂತಿಯವರೆಗೂ ಹಾಗೇ ಉಳಿದುಬಿಟ್ಟಿತ್ತು. ರಿಯಾಯಿತಿ ಕೇಳಿಕೊಂಡು ಬಂದವರಿಗೆಲ್ಲ ಉತ್ತರ ಹೇಳಿ ಅಂಗಡಿಯವರಿಗೆ ಸಾಕಾಯಿತು. ಅಷ್ಟೇ ಅಲ್ಲ, ಎಷ್ಟು ಜನ ನೋಡಿದರು ಎಂದು ಅವರು ಕೇಳಿದಾಗ ನಾವು ಸುಮ್ಮನೆ ನಿಲ್ಲಬೇಕಾಯಿತು. ಚಿತ್ರವನ್ನು ಕೈಯಿಂದ ಪುಟಕ್ಕೆ ಅಂಟಿಸುತ್ತಿರುವವರೆಗೆ ಈ ಎರಡು ತೊಂದರೆಗಳೂ ತಪ್ಪುವುದಿಲ್ಲ. ಜಾಹೀರಾತು ತನ್ನ ದಿನಕ್ಕೆ ಬಂದು ತನ್ನ ದಿನಕ್ಕೆ ಹೋಗಬೇಕು, ಲೆಕ್ಕವೂ ಉಳಿಯಬೇಕು. ಅದಕ್ಕಾಗಿಯೇ ಈ ಬಗೆಯ ತಂತ್ರಾಂಶಗಳಿವೆ.

ಸಣ್ಣ ಸಂಘಗಳಿಗೆ ಒಗ್ಗುವಂಥದ್ದು ರಿವೈವ್ ಆಡ್‌ಸರ್ವರ್. ಇದು ಉಚಿತ, ಮುಕ್ತ ತಂತ್ರಾಂಶ. ಮೊದಲು ಪಿಎಚ್‌ಪಿಆಡ್ಸ್‌ನ್ಯೂ, ಆಮೇಲೆ ಓಪನ್‌ಆಡ್ಸ್, ಓಪನ್‌ಎಕ್ಸ್ ಎಂದು ಹೆಸರು ಬದಲಿಸುತ್ತ ಬಂದು 2013ರಲ್ಲಿ ಈಗಿನ ಹೆಸರು ಪಡೆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಓಪನ್‌ಎಕ್ಸ್ 2.8.10ರ ಡೌನ್‌ಲೋಡ್ ಕಡತದೊಳಗೇ ಕಳ್ಳಬಾಗಿಲೊಂದು ಸೇರಿಕೊಂಡಿದ್ದುದು ಬಯಲಾಗಿತ್ತು. ಹಾಗಾಗಿ ಕಡತವನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಹೊಸ ಆವೃತ್ತಿ ಬಂದಾಗ ತಡಮಾಡದೆ ಏರಿಸಿ. ಜಾಹೀರಾತಿನ ಸರ್ವರ್‌ಗೆ ಕನ್ನ ಬಿದ್ದರೆ ಓದುಗರ ಫೋನಿಗೇ ಕೇಡು.

ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಇರುವ ಸಾಧಾರಣ ಹೋಸ್ಟಿಂಗ್ ಸಾಕು. ಬೇರೆ ಸಬ್‌ಡೊಮೈನ್ ಮಾಡಿ, ಖಾಲಿ ಡೇಟಾಬೇಸ್ ತೆರೆದು, ಕಡತಗಳನ್ನು ಏರಿಸಿ, ಬ್ರೌಸರ್‌ನಲ್ಲಿ ಆ ವಿಳಾಸ ತೆರೆದರೆ ಅಳವಡಿಕೆ ತಾನೇ ಶುರುವಾಗುತ್ತದೆ. ಎಚ್‌ಟಿಟಿಪಿಎಸ್ ಮರೆಯಬೇಡಿ. ಮುಗಿದ ಕೂಡಲೇ ಕಾಲವಲಯವನ್ನು ಏಷ್ಯಾ/ಕೋಲ್ಕತಾ ಎಂದು ಬದಲಿಸಿ. ಅದು ಯುಟಿಸಿಯಲ್ಲೇ ಉಳಿದರೆ ಮಧ್ಯರಾತ್ರಿಗೆ ಮುಗಿಯಬೇಕಾದ ಜಾಹೀರಾತು ಬೆಳಗಿನ 5:30ರವರೆಗೆ ಓಡುತ್ತದೆ. ಹೋಸ್ಟಿಂಗ್ ಫಲಕದ ಕ್ರಾನ್‌ನಲ್ಲಿ ನಿರ್ವಹಣೆಯ ಕಡತ ಗಂಟೆಗೊಮ್ಮೆ ಓಡುವಂತೆ ಹಾಕಿ. ಅಂಕಿಗಳು ಸೇರಿಕೊಳ್ಳುವುದು ಆ ಓಟದಲ್ಲೇ. ಆದ್ದರಿಂದ ಹಾಕಿದ ಹತ್ತು ನಿಮಿಷಕ್ಕೆ ಸೊನ್ನೆ ಕಂಡರೆ ಗಾಬರಿ ಬೇಡ.

ಒಳಗಿನ ಏರ್ಪಾಡಿಗೆ ಎರಡು ಬದಿ. ಒಂದು ಬದಿಯಲ್ಲಿ ಜಾಹೀರಾತುದಾರರು, ಅವರ ಕೆಳಗೆ ಕ್ಯಾಂಪೇನ್, ಅದರ ಕೆಳಗೆ ಬ್ಯಾನರ್. ಇನ್ನೊಂದು ಬದಿಯಲ್ಲಿ ಜಾಲತಾಣ, ಅದರ ಕೆಳಗೆ ಜೋನ್, ಅಂದರೆ ಪುಟದಲ್ಲಿ ಜಾಹೀರಾತು ಕೂರುವ ಜಾಗ. ಇವೆರಡನ್ನೂ ಜೋಡಿಸುವುದನ್ನು ಹೊಸಬರು ಮರೆತು, ಜಾಗ ಖಾಲಿ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಜೋನ್ ಕೊಡುವ ಕೋಡನ್ನು ಪುಟಕ್ಕೆ ಒಮ್ಮೆ ಹಾಕಿದರೆ ಮತ್ತೆ ಪುಟ ಮುಟ್ಟುವ ಕೆಲಸವಿಲ್ಲ. ಮಂತ್ರಾಲಯದ ಆರಾಧನೆಗೋ ಉರುಕುಂದದ ಶ್ರಾವಣದ ಜಾತ್ರೆಗೋ ಬರುವ ಜಾಹೀರಾತಿಗೆ ಕೊನೆಯ ದಿನ ಬರೆದಿಟ್ಟರೆ ಅದು ತಾನೇ ಇಳಿಯುತ್ತದೆ.

ಕ್ಯಾಂಪೇನಿನ ಬಗೆ ಕೇಳಿದಾಗ ‘ಕಾಂಟ್ರಾಕ್ಟ್’ ಆರಿಸಬೇಡಿ ಎಂಬುದು ನನ್ನ ಸಲಹೆ. ಇಷ್ಟು ಸಾವಿರ ಸಲ ತೋರಿಸುತ್ತೇವೆ ಎಂಬ ಮಾತು ನಮ್ಮಂಥ ಸಣ್ಣ ಪುಟಕ್ಕೆ ಉಳಿಸಿಕೊಳ್ಳಲಾಗದ ಮಾತು. ‘ರೆಮ್ನೆಂಟ್’ ಆರಿಸಿ, ತಿಂಗಳ ಲೆಕ್ಕಕ್ಕೆ ಕೊಡಿ. ಎಲ್ಲರಿಗೂ ತೂಕ 1 ಇಟ್ಟರೆ ಹೆಚ್ಚುಕಡಿಮೆ ಸಮನಾಗಿ ಸರದಿ ಬರುತ್ತದೆ. ಇಮ್ಮಡಿ ಹಣ ಕೊಟ್ಟವರಿಗೆ 2. ‘ಓವರ್‌ರೈಡ್’ ಉಳಿದವರನ್ನೆಲ್ಲ ತಳ್ಳಿಬಿಡುತ್ತದೆ. ಸಂಘದ್ದೇ ರಾಜ್ಯೋತ್ಸವವಾದರೂ ದುಡ್ಡು ಕೊಟ್ಟವರ ಜಾಗ ಕಸಿಯುವುದು ಸರಿಯಲ್ಲ.

ನಮ್ಮ ಭಾಗದವರು ಖಂಡಿತ ಗಮನಿಸಬೇಕಾದದ್ದು ಓದುಗರನ್ನು ಆರಿಸುವ ನಿಯಮಗಳನ್ನು. ಬ್ರೌಸರ್ ಭಾಷೆ ಕನ್ನಡವಾಗಿದ್ದರೆ ಮಾತ್ರ ತೋರಿಸು ಎಂಬ ನಿಯಮವೂ ಇದೆ. ನೋಡಿದರೆ ನಮಗೆಂದೇ ಮಾಡಿದಂತಿದೆ, ಆದರೆ ಹಾಕಿದರೆ ಕೆಟ್ಟಿತು. ಆದೋನಿ, ಆಲೂರು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂದು ಬೆಳೆದವರು ನಾವು. ಹೊಳಗುಂದ, ಕೌತಾಳದ ಓದುಗರ ಫೋನ್ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಇರುತ್ತದೆ, ಓದುವುದು ಮಾತ್ರ ಕನ್ನಡ. ತಂತ್ರಾಂಶ ಫೋನನ್ನು ಕೇಳುತ್ತದೆ, ಓದುಗರನ್ನಲ್ಲ. ಊರಿನ ನಿಯಮವೂ ಹಾಗೇ: ಮೊಬೈಲ್ ಜಾಲದಲ್ಲಿ ಆದೋನಿಯವರು ಹೈದರಾಬಾದಿನಲ್ಲಿದ್ದಂತೆ ಕಾಣಬಹುದು. ಕನ್ನಡ ಪುಟಕ್ಕೆ ಬಂದವರು ಕನ್ನಡದವರೇ ಎಂದುಕೊಂಡು ಎರಡೂ ನಿಯಮಗಳನ್ನು ಬಿಟ್ಟುಬಿಡಿ.

ಅಳತೆಗಳಲ್ಲಿ 728×90 ಕಂಪ್ಯೂಟರಿಗೆ, 300×250 ಎರಡಕ್ಕೂ ಸರಿ. ಫೋನಿನ 320×50 ಕನ್ನಡಕ್ಕೆ ಇಕ್ಕಟ್ಟು; ಎರಡು ಸಾಲು ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. 320×100 ಕೇಳಿ. ಡಿಟಿಪಿ ಅಂಗಡಿಯವರು ಹಳೆಯ ನುಡಿ ಫಾಂಟಿನಲ್ಲಿ ಮಾಡಿದ್ದು ಚಿತ್ರವಾಗಿ ಬಂದರೆ ತೊಂದರೆಯಿಲ್ಲ. ಚಿತ್ರದ ಬದಲಿ ಪಠ್ಯವನ್ನು ಮಾತ್ರ ಯುನಿಕೋಡಿನಲ್ಲಿ ನೀವೇ ಬರೆಯಿರಿ.

ಲೆಕ್ಕ ಒಪ್ಪಿಸುವಾಗ ನೋಟ ಬೇರೆ, ಕ್ಲಿಕ್ ಬೇರೆ ಎಂದು ಅಂಗಡಿಯವರಿಗೆ ಬಿಡಿಸಿ ಹೇಳಿ. ಒಬ್ಬರೇ ಐದು ಸಲ ಪುಟ ತೆರೆದರೆ ಐದು ನೋಟ. ಸಂಘದ ಕಚೇರಿಯ ಐಪಿ ವಿಳಾಸ ಸ್ಥಿರವಾಗಿದ್ದರೆ ಅದನ್ನು ಎಣಿಕೆಯಿಂದ ತೆಗೆದುಹಾಕಿ, ಇಲ್ಲವಾದರೆ ನಮ್ಮ ನೋಟವನ್ನೇ ನಾವು ಮಾರಿದಂತಾಗುತ್ತದೆ. ಜಾಹೀರಾತುದಾರರಿಗೇ ಲಾಗಿನ್ ಕೊಟ್ಟು ತಮ್ಮ ಅಂಕಿ ತಾವೇ ನೋಡಿಕೊಳ್ಳುವಂತೆ ಮಾಡಬಹುದು. ಬೇಡವೆಂದರೆ ಇಮೇಲ್ ವರದಿಯ ಆಯ್ಕೆಯಿದೆ. ಇಮೇಲ್ ನೋಡದ ವ್ಯಾಪಾರಿಗಳೇ ಹೆಚ್ಚು, ಅವರಿಗೆ ತಿಂಗಳ ಕೊನೆಯಲ್ಲಿ ಒಂದು ಹಾಳೆ ಮುದ್ರಿಸಿ ಅಂಗಡಿಗೇ ಕೊಟ್ಟು ಬನ್ನಿ.