ಕ್ರಯಪತ್ರದ ಬೆರಳಚ್ಚು, ಫೋನಿನ ಬೆರಳಚ್ಚು

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಹೊಲ ಮಾರುವವರು, ಕೊಳ್ಳುವವರು ಎಷ್ಟೇ ಓದಿರಲಿ, ನೋಂದಣಿಗೆ ಸಹಿಯೊಂದೇ ಸಾಲದು. ಫೋಟೋ ಮತ್ತು ಬೆರಳಚ್ಚು ಬೇಕು. 1908ರ ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿದ 32ಎ ಕಲಮಿನ ಕಟ್ಟಳೆ ಇದು. ಬಯೋಮೆಟ್ರಿಕ್‌ನ ಚರಿತ್ರೆ ಮೊಬೈಲಿನಿಂದಲ್ಲ, ಇಂಥ ಕಾಗದಗಳಿಂದಲೇ ಶುರುವಾಗುತ್ತದೆ.

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಸ್ತೆ ಸಾಮಗ್ರಿ ಪೂರೈಸಲು ಒಪ್ಪಿದ ರಾಜ್ಯಧರ್ ಕೋನಾಯಿಯ ಇಡೀ ಅಂಗೈಯನ್ನೇ ಕರಾರಿನ ಮೇಲೆ ಒತ್ತಿಸಿಕೊಂಡ. ಅದರಲ್ಲಿ ವಿಜ್ಞಾನವೇನೂ ಇರಲಿಲ್ಲ. ಸಹಿ ತನ್ನದಲ್ಲ ಎಂದು ಆತ ಮುಂದೆ ಜಾರಿಕೊಳ್ಳದಂತೆ ಹೆದರಿಸುವುದಷ್ಟೇ ಉದ್ದೇಶ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ವಿಭಾಗ ತೆರೆಯಿತು. ಅಲ್ಲಿನ ವರ್ಗೀಕರಣಕ್ಕೆ ಎಡ್ವರ್ಡ್ ಹೆನ್ರಿಯ ಹೆಸರು ಅಂಟಿತು. ಅದಕ್ಕಾಗಿ ತಲೆ ಕೆಡಿಸಿಕೊಂಡ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಬಹುಕಾಲ ಮರೆಯಲ್ಲೇ ಉಳಿದರು.

ಬೆರಳಚ್ಚನ್ನೂ ಬಳಸುವ ಆಧಾರ್ ಸಂಖ್ಯೆ ಮೊದಲು ಸಿಕ್ಕಿದ್ದು 2010ರ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ಟೆಂಭ್ಲಿಯಲ್ಲಿ. ಮೂರು ವರ್ಷಕ್ಕೆ ಐಫೋನ್ 5ಎಸ್ ಬೆರಳಿಗೆ ತೆರೆದುಕೊಳ್ಳತೊಡಗಿತು. ಬೆರಳಿಡುವುದು ಎರಡೂ ಕಡೆ ಒಂದೇ, ಒಳಗಿನ ಕೆಲಸ ಬೇರೆ. ಫೋನಿನಲ್ಲಿ ಬೆರಳಿನ ಗಣಿತರೂಪ ಚಿಪ್‌ನ ಭದ್ರ ಭಾಗದಲ್ಲೇ ಉಳಿಯುತ್ತದೆ. ಬ್ಯಾಂಕ್ ಆ್ಯಪ್‌ಗೆ ತಲುಪುವುದು ‘ಹೌದು’ ಅಥವಾ ‘ಅಲ್ಲ’ ಮಾತ್ರ. ನ್ಯಾಯಬೆಲೆ ಅಂಗಡಿಯ ಯಂತ್ರವಾದರೋ ಗೂಢಲಿಪಿ ಮಾಡಿದ ಬೆರಳಚ್ಚನ್ನು ಆಧಾರ್ ಪ್ರಾಧಿಕಾರದ ಕೇಂದ್ರ ಭಂಡಾರಕ್ಕೆ ಕಳಿಸಿ, ಅಲ್ಲಿನ ದಾಖಲೆಯೊಂದಿಗೆ ತಾಳೆ ನೋಡಿಸುತ್ತದೆ. ಭದ್ರತೆಯ ಚರ್ಚೆಯಲ್ಲಿ ಮುಖ್ಯವಾಗಬೇಕಾದದ್ದು ಬೆರಳಚ್ಚು ಎಲ್ಲಿರುತ್ತದೆ, ಯಾರ ಕೈಲಿರುತ್ತದೆ ಎಂಬುದೇ.

ಸಿರುಗುಪ್ಪದ ಗದ್ದೆಯಲ್ಲಿ ಭತ್ತ ನಾಟಿ ಮಾಡುವವರ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬಟ್ಟೆ ತೊಳೆಯುವವರ ಕೈಗೆರೆಗಳು ಸವೆಯುವುದು ಇನ್ನೊಂದು ತೊಡಕು. ಸವೆದ ಗೆರೆ ಯಂತ್ರಕ್ಕೆ ಸರಿಯಾಗಿ ಕಾಣುವುದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಪ್ರಶ್ನಿಸಿ 2012ರಲ್ಲಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ತೀರ್ಪಿತ್ತಾಗ, ಹೀಗೆ ಸೌಲಭ್ಯ ತಪ್ಪುವವರ ಅಳಲೂ ಚರ್ಚೆಗೆ ಬಂದಿತ್ತು. ನಾಲ್ವರು ನ್ಯಾಯಮೂರ್ತಿಗಳು ಆಧಾರ್ ಕಾಯ್ದೆಯನ್ನು ಬಹುಪಾಲು ಎತ್ತಿಹಿಡಿದರು, ನ್ಯಾ. ಚಂದ್ರಚೂಡ್ ಒಬ್ಬರೇ ಒಪ್ಪಲಿಲ್ಲ.

2023ರಲ್ಲಿ ಹಳೆಯ ಕಾಗದವೂ ಹೊಸ ಯಂತ್ರವೂ ಮುಖಾಮುಖಿಯಾದವು. ರಾಜ್ಯದ ‘ಕಾವೇರಿ’ ನೋಂದಣಿ ತಾಣದಿಂದ ಕ್ರಯಪತ್ರಗಳನ್ನು ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚಿನ ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಖಾತೆಗಳಿಂದ ಹಣ ಎಗರಿಸಿದ ಪ್ರಕರಣಗಳು ಬೆಂಗಳೂರು, ಮಂಗಳೂರಿನಲ್ಲಿ ಬಯಲಾದವು. ಮೋಸ ತಡೆಯಲೆಂದು ಒತ್ತಿಸಿಕೊಂಡ ಗುರುತೇ ಮೋಸಕ್ಕೆ ಸರಕಾಯಿತು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳನ್ನು ಬದಲಿಸುವುದು ಹೇಗೆ?

ಬದಲಿಸಲಾಗದ ಬೆರಳಚ್ಚು ದುರ್ಬಳಕೆಯಾಗದಂತೆ, ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳುವ ಸೌಲಭ್ಯವಿದೆ. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು; ರೇಷನ್ ತರಲು ಬೆರಳಿಡುವ ಮೊದಲು ಲಾಕ್ ತೆಗೆಯಲೂಬೇಕು.