ಬರಿಗೋಡೆಯ ಬಲ: ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರ ವಾಸ್ತುಶಿಲ್ಪದಲ್ಲಿ ಪರಂಪರೆ ಮತ್ತು ಆಧುನಿಕತೆ

ಇಪ್ಪತ್ತನೆಯ ಶತಮಾನದ ಬ್ರಿಟಿಷ್ ವಾಸ್ತುಶಿಲ್ಪದ ಚರಿತ್ರೆ ಬರೆದವರು ಬಹುಮಟ್ಟಿಗೆ ಎರಡು ಪಾಳಯಗಳನ್ನು ಗುರುತಿಸುತ್ತಾರೆ. ಗಾಥಿಕ್, ಕ್ಲಾಸಿಕಲ್ ಶೈಲಿಗಳನ್ನು ಬಿಡದ ಸಂಪ್ರದಾಯಸ್ಥರು ಒಂದೆಡೆ. ಉಕ್ಕು, ಕಾಂಕ್ರೀಟ್, ಗಾಜಿನಲ್ಲಿ ಹೊಸ ರೂಪ ಅರಸಿದ ಆಧುನಿಕರು ಇನ್ನೊಂದೆಡೆ. ಈ ವಿಂಗಡಣೆಯಲ್ಲಿ ಸರ್ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ (1880–1960) ಅವರಿಗೆ ಸರಿಯಾದ ಜಾಗ ಸಿಕ್ಕಿಲ್ಲ. ಲಿವರ್‌ಪೂಲ್ ಕೆಥೀಡ್ರಲ್ ಕಟ್ಟಿದವರೂ ಅವರೇ, ಲಂಡನ್ನಿನ ಬ್ಯಾಟರ್‌ಸೀ ಮತ್ತು ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರಗಳಿಗೆ ಹೊರರೂಪ ಕೊಟ್ಟವರೂ ಅವರೇ. ಎರಡು ದೋಣಿಗಳಲ್ಲಿ ಕಾಲಿಟ್ಟವರೆಂದು ಅವರನ್ನು ಬದಿಗಿಡುವುದು ಸುಲಭ. ಆದರೆ ಕಟ್ಟಡಗಳನ್ನು ಕಾಲಾನುಕ್ರಮದಲ್ಲಿ ನೋಡುತ್ತ ಹೋದರೆ ಒಂದೇ ವಿಧಾನ ಬೆಳೆದು ಬಂದದ್ದು ಕಾಣುತ್ತದೆ. ಅದು ರೂಪುಗೊಂಡದ್ದು ಲಿವರ್‌ಪೂಲ್‌ನಲ್ಲಿ ಎಂಬುದು ಈ ಲೇಖನದ ವಾದ.

ಗಾಥಿಕ್ ಶೈಲಿ ಸ್ಕಾಟ್ ಮನೆತನದ ಪಿತ್ರಾರ್ಜಿತ. ತಾತ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ಹೋಟೆಲನ್ನು ರೂಪಿಸಿದವರು; ಮುಂಬಯಿ ವಿಶ್ವವಿದ್ಯಾಲಯದ ಘಟಿಕೋತ್ಸವ ಭವನ, ರಾಜಾಬಾಯಿ ಗೋಪುರಗಳೂ ಅವರ ವಿನ್ಯಾಸಗಳೇ. ತಂದೆಯೂ ವಾಸ್ತುಶಿಲ್ಪಿ. ಜೈಲ್ಸ್ ಕೆಲಸ ಕಲಿತದ್ದು ತಂದೆಯ ಶಿಷ್ಯ ಟೆಂಪಲ್ ಮೂರ್ ಅವರ ಬಳಿ. 1903ರಲ್ಲಿ ಲಿವರ್‌ಪೂಲ್ ಕೆಥೀಡ್ರಲ್‌ನ ಸ್ಪರ್ಧೆ ಗೆದ್ದಾಗ ಅವರಿಗಿನ್ನೂ 22 ವರ್ಷ. ಅನುಭವ ಸಾಲದು, ಮೇಲಾಗಿ ಆಂಗ್ಲಿಕನ್ ದೇವಾಲಯಕ್ಕೆ ರೋಮನ್ ಕ್ಯಾಥೊಲಿಕ್ ಶಿಲ್ಪಿ. ತೀರ್ಪುಗಾರರಲ್ಲೊಬ್ಬರಾಗಿದ್ದ ಹಿರಿಯ ಜಿ. ಎಫ್. ಬಾಡ್ಲಿ ಅವರನ್ನು ಸಮಿತಿ ಜೊತೆಗೆ ನೇಮಿಸಿತು. ಇಬ್ಬರಿಗೂ ಹೊಂದಲಿಲ್ಲ; 1907ರಲ್ಲಿ ಬಾಡ್ಲಿ ತೀರಿಕೊಂಡಾಗ ಸ್ಕಾಟ್ ರಾಜೀನಾಮೆಗೆ ಸಿದ್ಧರಾಗಿದ್ದರು.

ಮುಂದಿನ ಮೂರು ವರ್ಷಗಳನ್ನು ವಿದ್ವಾಂಸರು ಇನ್ನಷ್ಟು ಗಮನಿಸಬೇಕು. 1910ರಲ್ಲಿ ಪ್ರತಿಷ್ಠಾಪನೆಗೊಂಡ ಲೇಡಿ ಚಾಪೆಲ್‌ನಲ್ಲಿ ಬಾಡ್ಲಿಯವರ ಅಭಿರುಚಿಯ ದಟ್ಟ ಕುಸುರಿಯಿದೆ. ಅದೇ ವರ್ಷ ಸ್ಕಾಟ್, ಬಹುಮಾನ ಪಡೆದ ತಮ್ಮದೇ ನಕ್ಷೆಯ ಜೋಡಿ ಗೋಪುರಗಳನ್ನು ಕೈಬಿಟ್ಟು, ನಡುವೆ ಒಂದೇ ಗೋಪುರವಿರುವ ಹೊಸ ನಕ್ಷೆಗೆ ಸಮಿತಿಯನ್ನು ಒಪ್ಪಿಸಿದರು. 1904ರಲ್ಲೇ ಅಡಿಗಲ್ಲು ಬಿದ್ದು ಗೋಡೆಗಳು ಏಳುತ್ತಿದ್ದ ಕಟ್ಟಡವದು. ಮೂವತ್ತರ ಹರೆಯದ ಶಿಲ್ಪಿಯ ಎದೆಗಾರಿಕೆಗೆ ಬೆರಗಾಗಬೇಕು. ಹೊಸ ನಕ್ಷೆಯಲ್ಲೂ ಗಾಥಿಕ್ ಕಮಾನುಗಳಿವೆ. ಆದರೆ ಈಗ ಕಣ್ಣು ಮೊದಲು ಹೋಗುವುದು ಕೆಂಪು ಮರಳುಗಲ್ಲಿನ ವಿಶಾಲ ಬರಿಗೋಡೆಯತ್ತ. ಕೆತ್ತನೆ ಎಲ್ಲೆಡೆ ಹರಡದೆ ಕೆಲವೇ ಕಡೆ ಒತ್ತಾಗಿ ಸೇರುತ್ತದೆ. ಸುತ್ತ ಗೋಡೆ ಬರಿದಾಗಿರುವುದರಿಂದಲೇ ಅದಕ್ಕೆ ಬೆಲೆ. ದೊಡ್ಡ ಘನರೂಪ, ಅಳತೆಯರಿತ ಅಲಂಕಾರ: ಸ್ಕಾಟ್ ಅವರ ವಿಧಾನವೆಂದರೆ ಇಷ್ಟೇ. ಇದು ಗಾಥಿಕ್‌ಗೆ ಕಟ್ಟುಬಿದ್ದದ್ದಲ್ಲವಾದ್ದರಿಂದ ಬೇರೆಡೆಗೂ ಒಯ್ಯಬಹುದಿತ್ತು.

ಒಯ್ದ ಪರಿ ವಿಸ್ಮಯಕರ. 1924ರ ಸ್ಪರ್ಧೆಯಿಂದ ಬಂದ ಕೆ2 ಟೆಲಿಫೋನ್ ಬೂತ್ ಎರಕದ ಕಬ್ಬಿಣದ್ದು. ಅದರ ಚಾವಣಿ, ಹಿಂದಿನ ಶತಮಾನದ ವಾಸ್ತುಶಿಲ್ಪಿ ಜಾನ್ ಸೋನ್ ತಮ್ಮ ಕುಟುಂಬಕ್ಕೆ ಕಟ್ಟಿದ ಸಮಾಧಿಯ ಗುಮ್ಮಟವನ್ನು ನೆನಪಿಸುತ್ತದೆ. ಸ್ಕಾಟ್ ಸೂಚಿಸಿದ್ದು ಬೆಳ್ಳಿಯ ಬಣ್ಣ. ಕೆಂಪು ಬಳಿಸಿದ್ದು ಅಂಚೆ ಇಲಾಖೆ.

ಬ್ಯಾಟರ್‌ಸೀಯದು ಬೇರೆ ಬಗೆಯ ಸವಾಲು. ನಗರದ ನಡುವೆ ಅಷ್ಟು ದೊಡ್ಡ ಸ್ಥಾವರ ಬೇಡವೆಂದು ಜನ ಸಿಡಿದೆದ್ದ ಮೇಲೆ ಅವರನ್ನು ಕರೆಸಲಾಯಿತು. ಯಂತ್ರಗಳ ವ್ಯವಸ್ಥೆಯನ್ನು ಎಂಜಿನಿಯರುಗಳು ಆಗಲೇ ನಿಶ್ಚಯಿಸಿದ್ದರು. ಸ್ಕಾಟ್ ಪಾಲಿಗೆ ಉಳಿದದ್ದು ಹೊರಮೈ. ಉಕ್ಕಿನ ಚೌಕಟ್ಟಿಗೆ ಅವರು ಇಟ್ಟಿಗೆಯ ಗೋಡೆ ಹೊದಿಸಿದರು, ಅದರ ಮೇಲಂಚಿಗೆ ಲಂಬಗೆರೆಗಳನ್ನು ಕೊಟ್ಟರು, ಚಿಮಣಿಗಳನ್ನು ಗೀರುಗೀರಾದ ಕಂಬಗಳಂತೆ ತಿದ್ದಿದರು. ಉಕ್ಕನ್ನು ಇಟ್ಟಿಗೆಯಲ್ಲಿ ಮುಚ್ಚುವುದು ಅಪ್ರಾಮಾಣಿಕವೆಂದು ಕಟ್ಟಾ ಆಧುನಿಕರು ಹೇಳಿಯಾರು. ನನಗೆ ಆ ಆಕ್ಷೇಪ ಒಪ್ಪಿಗೆಯಿಲ್ಲ. ಊರಿನ ಎದುರಿಗೆ ನಿಲ್ಲುವ ಕಟ್ಟಡಕ್ಕೆ ಯಂತ್ರದ ಹಂಗಷ್ಟೇ ಅಲ್ಲ, ಊರಿನ ಹಂಗೂ ಇರುತ್ತದೆ. 1933ರಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಯಲ್ ಇನ್‌ಸ್ಟಿಟ್ಯೂಟ್‌ನ ಅಧ್ಯಕ್ಷರಾದಾಗ ಸ್ಕಾಟ್ ಪ್ರತಿಪಾದಿಸಿದ್ದೂ ಎರಡು ಅತಿಗಳನ್ನೂ ಒಲ್ಲದ ನಡುದಾರಿಯನ್ನೇ. ಮರುವರ್ಷ ತೆರೆದ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕ ತುಂಬಿದ 48 ಮೀಟರ್ ಗೋಪುರ, ಕೆಥೀಡ್ರಲ್‌ನ ಗೋಪುರಕ್ಕೂ ಸ್ಥಾವರದ ಚಿಮಣಿಗೂ ನಡುವಿನ ಕೊಂಡಿಯಂತಿದೆ.

ಅವರ ಎಲ್ಲ ಕೆಲಸಕ್ಕೂ ಈ ಮೆಚ್ಚುಗೆ ಸಲ್ಲದು. ಬಾಂಬ್ ದಾಳಿಗೆ ನಾಶವಾಗಿ 1950ರಲ್ಲಿ ಮತ್ತೆ ತೆರೆದ ಹೌಸ್ ಆಫ್ ಕಾಮನ್ಸ್ ಸಭಾಂಗಣದಲ್ಲಿ ಹಳೆಯ ಆಕಾರವನ್ನೇ ಉಳಿಸಬೇಕೆಂಬುದು ಚರ್ಚಿಲ್ ಅವರ ಹಟ. ಅಲ್ಲಿನ ಗಾಥಿಕ್ ಅಚ್ಚುಕಟ್ಟಾಗಿದ್ದರೂ ಸಪ್ಪೆ.

1947 ಈ ವೃತ್ತಿಜೀವನದ ವಿಚಿತ್ರ ವರ್ಷ. ಯುದ್ಧದಲ್ಲಿ ಸುಟ್ಟ ಕಾವೆಂಟ್ರಿ ಕೆಥೀಡ್ರಲ್‌ಗಾಗಿ ಅವರು ಮಾಡಿದ್ದ ವಿನ್ಯಾಸ ಟೀಕೆಗೆ ಗುರಿಯಾಗಿ, ಆ ವರ್ಷ ಅವರು ಹೊಣೆ ಬಿಟ್ಟರು. 1951ರ ಸ್ಪರ್ಧೆಯಲ್ಲಿ ಬೇಸಿಲ್ ಸ್ಪೆನ್ಸ್ ಗೆದ್ದರು. ಚರ್ಚಿನ ಕೆಲಸ ಹೀಗೆ ಕೈತಪ್ಪಿದ ವರ್ಷವೇ ಬ್ಯಾಂಕ್‌ಸೈಡ್ ಸ್ಥಾವರದ ನಿರ್ಮಾಣ ಶುರುವಾಯಿತು. ಥೇಮ್ಸ್ ನದಿಯಾಚೆ ಸೇಂಟ್ ಪಾಲ್ಸ್ ಕೆಥೀಡ್ರಲ್. ಅದರ ಗುಮ್ಮಟದೆತ್ತರ 111 ಮೀಟರ್. ಸ್ಕಾಟ್ ತಮ್ಮ ಒಂಟಿ ಚಿಮಣಿಯನ್ನು ಬೇಕೆಂದೇ 99 ಮೀಟರಿಗೆ ನಿಲ್ಲಿಸಿದರು. ಅದರ ಎರಡೂ ಬದಿಗೆ ಇಟ್ಟಿಗೆಯ ಉದ್ದನೆಯ ಗೋಡೆಗಳು, ಅವನ್ನು ಸೀಳುವ ನೀಳ ಕಿಟಕಿಗಳು. ಲಿವರ್‌ಪೂಲ್‌ನ 1910ರ ನಕ್ಷೆಯಿಂದ ಕಮಾನುಗಳನ್ನು ಕಳೆದರೆ ಉಳಿಯುವುದು ಹೆಚ್ಚುಕಡಿಮೆ ಇದೇ ರಚನೆ.

ಸ್ಕಾಟ್ 1960ರಲ್ಲಿ ತೀರಿಕೊಂಡರು. ಬ್ಯಾಂಕ್‌ಸೈಡ್ ಪೂರ್ಣಗೊಂಡದ್ದು 1963ರಲ್ಲಿ, ಲಿವರ್‌ಪೂಲ್ ಕೆಥೀಡ್ರಲ್ 1978ರಲ್ಲಿ. 1981ರಲ್ಲಿ ಮುಚ್ಚಿದ ಸ್ಥಾವರವನ್ನು ಹರ್ಜೋಗ್ ಮತ್ತು ಡ ಮ್ಯುರೋನ್ ಸಂಸ್ಥೆಯವರು ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯವಾಗಿ ಮಾರ್ಪಡಿಸಿ 2000ದಲ್ಲಿ ತೆರೆದಾಗ, ಯಂತ್ರಗಳನ್ನು ತೆಗೆದರು. ಚಿಮಣಿಯನ್ನೂ ಇಟ್ಟಿಗೆಯ ಗೋಡೆಗಳನ್ನೂ ಹಾಗೆಯೇ ಉಳಿಸಿಕೊಂಡರು.